ಟೈಪಿಂಗ್ ಕ್ಲಾಸಿಗೆ ಟ್ಯೂಬಿನ ಮಾಳಿಗೆ

ಮೊದಲು ಬಿದ್ದ ಹನಿ ನೀರಿನದಲ್ಲ, ಡಾಂಬರಿನದು.

ಮೇ ತಿಂಗಳ ಒಂದು ಮಧ್ಯಾಹ್ನ. ಮಸ್ಕಿಯ ನನ್ನ ಟೈಪಿಂಗ್ ಕ್ಲಾಸಿನಲ್ಲಿ ಎಂಟು ಮೆಷಿನ್‌ಗಳು ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಮೂರನೆಯ ಮೆಷಿನ್ನಿನ ಮುಂದೆ ಕೂತಿದ್ದವಳ ಹಾಳೆಯ ಮೇಲೆ, ವಾಕ್ಯ ಮುಗಿದು ಫುಲ್‌ಸ್ಟಾಪ್ ಬೀಳಬೇಕಾದ ಜಾಗದಲ್ಲೇ, ಕಡಲೆಕಾಳಿನಷ್ಟು ದಪ್ಪನೆಯ ಕಪ್ಪು ಬೊಟ್ಟು ಬಿತ್ತು. ಅವಳು ಕೈ ಎತ್ತಿ, "ಅಕ್ಕೋರ, ಇದು ನಾ ಹೊಡೆದಿದ್ದಲ್ರಿ" ಎಂದಳು.

ತಲೆ ಎತ್ತಿ ನೋಡಿದೆ. ನಮ್ಮ ಕ್ಲಾಸ್ ನಡೆಯುತ್ತಿದ್ದುದು ಒಂದು ಹಳೆಯ ಜೀಪ್ ಗ್ಯಾರೇಜಿನಲ್ಲಿ. ಹದಿನೆಂಟು ಅಡಿ ಉದ್ದ, ಹನ್ನೊಂದು ಅಡಿ ಅಗಲ. ಜೀಪು ಮಾರಿಹೋದ ಮೇಲೆ ಒಡತಿ ಅದನ್ನು ನನಗೆ ಬಾಡಿಗೆಗೆ ಕೊಟ್ಟಿದ್ದರು. ಕಬ್ಬಿಣದ ಗರ್ಡರ್ ಮೇಲೆ ಶಾಬಾದಿ ಕಲ್ಲು ಹಾಸಿದ ಚಪ್ಪಟೆ ಮಾಳಿಗೆ, ನೀರು ಹರಿಯಲು ಒಂದು ಕಡೆಗೆ ತುಸುವೇ ಇಳಿಜಾರು. ಬೇಸಿಗೆಯಲ್ಲಿ ಕಲ್ಲು, ಕಬ್ಬಿಣ ಎರಡೂ ಹಿಗ್ಗಿ ಸಂದು ಬಿಡುತ್ತಿದ್ದವು. ಸಿಮೆಂಟ್ ತುಂಬಿಸಿದರೆ ಮರುವರ್ಷ ಬಿರುಕು. ಆ ವರ್ಷ ಜಾಣತನ ಮಾಡಿ ಡಾಂಬರ್ ಸುರಿಸಿದ್ದೆ. ನಮ್ಮ ಕಡೆಯ ಬಿಸಿಲಿಗೆ ಅದು ಕರಗಿ ಕೆಳಗೇ ಬಂತು.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಪರೀಕ್ಷೆ ಲಿಂಗಸುಗೂರಿನಲ್ಲಿ, ಜುಲೈ ಕೊನೆಗೆ. ಈಗಿನವರಿಗೆ ಹೇಳಿದರೆ ನಂಬುವುದಿಲ್ಲ, ಆಗ ಪರೀಕ್ಷೆಗೆ ಹೋಗುವವರು ತಮ್ಮ ಮೆಷಿನ್ ತಾವೇ ಹೊತ್ತುಕೊಂಡು ಹೋಗಬೇಕಿತ್ತು. ಕೀ ಅಂಟಿಕೊಂಡರೆ, ಕ್ಯಾರೇಜ್ ಜಗ್ಗಿದರೆ ಅಲ್ಲಿ ಬದಲಿ ಸಿಗುವುದಿಲ್ಲ. ರಿಪೇರಿ ಮಾಡುವ ಮೆಕ್ಯಾನಿಕ್ ರಾಯಚೂರಿನಿಂದ ಮೂರು ತಿಂಗಳಿಗೊಮ್ಮೆ ಬರುವವನು. ಮಳೆ ನೀರು ಮೆಷಿನ್ನಿನ ಒಳಗೆ ಇಳಿಯಿತೆಂದರೆ ಆ ಸಲದ ಪರೀಕ್ಷೆ ಹೋದಂತೆಯೇ.

ಉಳಿದ ಹುಡುಗಿಯರಿಗೆ ಪರೀಕ್ಷೆ ಆರು ತಿಂಗಳಿಗೆ ಮತ್ತೆ ಬರುತ್ತಿತ್ತು. ಮೂರನೆಯ ಮೆಷಿನ್ನಿನವಳಿಗೆ ಮಾತ್ರ ಹಾಗಿರಲಿಲ್ಲ. ಅವಳು ಸಾಲಗುಂದದ ಕಡೆಯವಳು, ಮಸ್ಕಿಯ ಒಂದು ಸರಕಾರಿ ಆಫೀಸಿನಲ್ಲಿ ಅಟೆಂಡರ್. ಕಸ ಹೊಡೆಯುವುದು, ನೀರು ತುಂಬುವುದು, ಫೈಲು ಹೊರುವುದು. ಅಲ್ಲಿನ ಟೈಪಿಸ್ಟ್ ಆ ದಸರೆಗೆ ರಿಟೈರ್ ಆಗುವವರಿದ್ದರು. ಕನ್ನಡ ಟೈಪಿಂಗ್ ಪಾಸಾದವರು ಆಫೀಸಿನೊಳಗೇ ಇದ್ದರೆ ಅವರಿಗೆ ಕೆಲಸ, ಇಲ್ಲವಾದರೆ ಹೊರಗಿನವರು ಬರುತ್ತಾರೆ ಎಂದು ಸಾಹೇಬರು ಹೇಳಿಬಿಟ್ಟಿದ್ದರು. ಬೆಳಿಗ್ಗೆ ಒಂದು ತಾಸು, ಮಧ್ಯಾಹ್ನ ಊಟದ ಬಿಡುವಿನಲ್ಲಿ ಅರ್ಧ ತಾಸು ಅವಳು ಬಂದು ಬಡಿಯುತ್ತಿದ್ದಳು.

"ಆ ಕುರ್ಚಿ ದಿನಾ ನಾನಽ ಒರಸ್ತೀನ್ರಿ ಅಕ್ಕೋರ" ಎನ್ನುತ್ತಿದ್ದಳು. "ಒರಸಿದಾಕಿ ಕೂತರ ಏನ್ ತಪ್ಪೈತಿ?"

ಮೇ ಕೊನೆಯಲ್ಲಿ ಒಂದು ಅಡ್ಡಮಳೆ ಬಂತು. ಹತ್ತೇ ನಿಮಿಷ. ಎರಡು ಮೆಷಿನ್ ತೊಯ್ದವು. ನಾವು ಸೀರೆಯ ಸೆರಗಿನಿಂದ ಒರೆಸಿ, ಸೀಮೆಎಣ್ಣೆ ಬಿಟ್ಟು, ಬಿಸಿಲಿಗಿಟ್ಟು ಬದುಕಿಸಿಕೊಂಡೆವು. ಮಿರಗದ ಮಳೆಗೆ, ಅಂದರೆ ಜೂನ್ ಮೊದಲಿನ ಮೃಗಶಿರಾ ಮಳೆಗೆ, ಇನ್ನು ಎರಡು ವಾರವಿತ್ತು.

ರಬ್ಬರಿನ ಯೋಚನೆ ಬಂದದ್ದು ಬಸ್ ಸ್ಟ್ಯಾಂಡಿನ ಪಕ್ಕದ ಪಂಕ್ಚರ್ ಅಂಗಡಿಯ ಎದುರು. ಅಂಗಡಿಯವರನ್ನು ಊರೆಲ್ಲ ಮಾಮಾ ಎನ್ನುತ್ತಿತ್ತು. ಅವರು ಟ್ಯೂಬನ್ನು ನೀರಿನ ಬಾನಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದರು. ಗುಳ್ಳೆ ಇಲ್ಲದ ಕಡೆಯಲ್ಲಿ ಗಾಳಿಯೂ ಹೊರಗೆ ಬರುತ್ತಿರಲಿಲ್ಲ. ಗಾಳಿ ಹೊರಗೆ ಬಿಡದ್ದು ನೀರು ಒಳಗೆ ಬಿಡುತ್ತದೆಯೇ? ಕಾನ್ವೆಂಟಿನಲ್ಲಿ ನನ್ನ ಸೈನ್ಸ್ ಮಾರ್ಕ್ಸ್ ಹೇಳಿಕೊಳ್ಳುವಂಥದ್ದಲ್ಲ, ಆದರೆ ಇಷ್ಟು ಲಾಜಿಕ್ ನನಗೂ ಹೊಳೆಯಿತು.

"ಮಾಮಾ, ಟ್ಯೂಬ್ ಸೀಳಿ, ಜೋಡಿಸಿ, ಮಾಳಿಗೆಗೆ ಹೊದಿಸಬಹುದೇ?" ಎಂದೆ.

ಅವರು ಬಾನಿಯಿಂದ ಕೈ ತೆಗೆಯದೆ ನನ್ನನ್ನೇ ನೋಡಿದರು. "ಮೂವತ್ತು ವರ್ಷದಾಗ ಗಾಲಿ ಇಲ್ಲದ ಗಾಡಿಗೆ ಪಂಕ್ಚರ್ ಹಾಕಿಲ್ರಿ ಟೀಚರ್. ಬರ್ತೀನಿ ನಡೀರಿ, ನೋಡೂಣು."

ಟ್ಯೂಬಿಗೆ ಸಿಂಧನೂರಿಗೆ ಹೋದೆ. ಕಾಲುವೆ ನೀರಿನ ಗದ್ದೆಗಳಿಂದಾಗಿ ಅಲ್ಲಿ ಟ್ರ್ಯಾಕ್ಟರ್‌ಗಳಿಗೆ ಲೆಕ್ಕವಿಲ್ಲ, ಹಿಂದಿನ ದೊಡ್ಡ ಗಾಲಿಯ ಹಳೆಯ ಟ್ಯೂಬು ಬೇಕಾದಷ್ಟು. ಒಂದು ಟ್ಯೂಬ್ ಸೀಳಿದರೆ ಮೂರು ಅಡಿ ಅಗಲದ, ಎಂಟು ಅಡಿ ಉದ್ದದ ಹಾಳೆ ಸಿಗುತ್ತದೆ ಎಂದು ಮಾಮಾ ಹೇಳಿದ್ದರು. ಹನ್ನೆರಡು ಆರಿಸಿಕೊಂಡೆ. ಬಸ್ಸಿನ ಮೇಲೆ ಹಾಕಿಸುವಾಗ ಕಂಡಕ್ಟರ್, "ಏನ್ ಅಕ್ಕೋರ, ಈಜಾಕ ಹೊಂಟೀರೇನ್ರಿ? ಗೊರೇಬಾಳ ಕಾಲುವಿ ಕಡೆ ಇಳಿಸಲೇನು?" ಎಂದ. ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ. ಐವತ್ತಕ್ಕೆ ಹತ್ತಿರವಾದ ಹೆಂಗಸು ಹನ್ನೆರಡು ಟ್ಯೂಬಿನೊಂದಿಗೆ ಪ್ರಯಾಣ ಮಾಡುವಾಗ ಬೇರೆ ದಾರಿಯಿಲ್ಲ.

ಕೆಲಸ ಬೆಳಗಿನ ಆರರಿಂದ ಒಂಬತ್ತರವರೆಗೆ. ಆಮೇಲೆ ಕಲ್ಲಿನ ಮೇಲೆ ಕಾಲಿಡಲಾಗುತ್ತಿರಲಿಲ್ಲ. ಮಾಮಾ, ನಾನು, ಆಫೀಸಿಗೆ ಹೋಗುವ ಮುಂಚೆ ಅಟೆಂಡರ್. ವಾಲ್ವ್ ಇರುವ ಒಳಸುತ್ತಿನ ಉದ್ದಕ್ಕೂ ಸೀಳಿದರೆ ವಾಲ್ವಿನ ತೂತು ಅಂಚಿಗೆ ಬಂದು ಕತ್ತರಿಸಿ ಬಿಸಾಡಬಹುದು. ಅದು ಸುಲಭವಾಯಿತು. ಆದರೆ ಸೀಳಿದ ಟ್ಯೂಬು ನೆಲದ ಮೇಲೆ ಚಪ್ಪಟೆಯಾಗಿ ಮಲಗಲಿಲ್ಲ. ಹುಟ್ಟಿದಾಗಿನಿಂದ ದುಂಡಗಿದ್ದದ್ದು, ಬಾಳೆಕಾಯಿಯ ಹಾಗೆ ಬಾಗಿ ಸುರುಳಿ ಸುತ್ತಿಕೊಳ್ಳುತ್ತಿತ್ತು. ಮಾಮಾ ತಲೆ ಕೆರೆದುಕೊಂಡರು. ಅವರ ಕಸುಬಿನಲ್ಲಿ ಟ್ಯೂಬು ಚಪ್ಪಟೆಯಾಗಬೇಕಾದ ಪ್ರಸಂಗವೇ ಬಂದಿರಲಿಲ್ಲ.

ಇಲ್ಲಿ ನನ್ನ ನೀಡಲ್‌ವರ್ಕ್ ನೆರವಿಗೆ ಬಂತು. ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸಿದ ಸಿಸ್ಟರ್ ಒಬ್ಬರು ಬಾಗಿದ ಬಟ್ಟೆಯನ್ನು ಬಲವಂತ ಮಾಡಬೇಡಿ, ಚಿಕ್ಕದಾಗಿ ಕತ್ತರಿಸಿ ಎನ್ನುತ್ತಿದ್ದರು. ಪ್ರತಿ ಹಾಳೆಯನ್ನು ಅಡ್ಡಕ್ಕೆ ಮೂರು ತುಂಡು ಮಾಡಿದೆವು. ಕಲ್ಲು ಹೇರಿ ಎರಡು ದಿನ ಬಿಸಿಲಿಗೆ ಮಲಗಿಸಿದೆವು. ಆಮೇಲೆ ರಟ್ಟಿನ ಅಳತೆ ಇಟ್ಟು ಚೌಕ ಕತ್ತರಿಸಿದೆವು. ಟ್ಯೂಬಿನ ಒಳಮೈಗೆ ಬಿಳಿ ಪುಡಿ ಇರುತ್ತದೆ, ಟೈರಿಗೆ ಅಂಟದಿರಲೆಂದು ಹಚ್ಚುವ ಪುಡಿಯೇ ಒಳಗೂ ಇರುತ್ತದೆ. ಅದು ಇದ್ದಲ್ಲಿ ಏನೂ ಅಂಟದು. ಸೋಪಿನ ನೀರಿನಲ್ಲಿ ತೊಳೆದು, ಅಂಚಿನ ಎರಡಿಂಚು ಜಾಗವನ್ನು ತಂತಿ ಬ್ರಶ್‌ನಿಂದ ಉಜ್ಜಿ ಒರಟು ಮಾಡಿ, ಎರಡೂ ಕಡೆ ಪಂಕ್ಚರಿನ ಅಂಟು, ಅಂದರೆ ಸಲ್ಯೂಷನ್, ಹಚ್ಚಬೇಕು.

"ಹಚ್ಚಿದ ಕೂಡಲೇ ಒತ್ತಬ್ಯಾಡ್ರಿ" ಎಂದರು ಮಾಮಾ. "ಬೆರಳಿನ ಹಿಂಬದಿಲೆ ಮುಟ್ಟಿ ನೋಡ್ರಿ. ಹತ್ತಂಗಿರಬೇಕು, ಹತ್ತಬಾರದು. ಅವಾಗ ಬರಾಬರ್."

ಒತ್ತಲು ಭಾರದ ಉರುಳೆ ಬೇಕಿತ್ತು. ನನ್ನ ಹತ್ತಿರ ಕೆಟ್ಟುಹೋದ ಟೈಪ್‌ರೈಟರ್ ರೋಲರ್ ಒಂದಿತ್ತು, ಹಾಳೆ ಸುತ್ತಿಕೊಳ್ಳುವ ಕರಿಯ ರಬ್ಬರ್ ಉರುಳೆ. ಅದನ್ನು ಹಿಡಿದು ಅಟೆಂಡರ್ ಮಂಡಿಯೂರಿ ಪ್ರತಿ ಜೋಡಣೆಯನ್ನೂ ಚಪಾತಿ ಲಟ್ಟಿಸಿದಂತೆ ಲಟ್ಟಿಸಿದಳು. "ಬೆರಳಿಗೆ ಪ್ರಾಕ್ಟೀಸ್ ಸಾಕಾಗಿತ್ತು, ಈಗ ಮೊಣಕಾಲಿಗೂ ಶುರುವಾತು" ಎನ್ನುತ್ತಿದ್ದಳು.

ಅರ್ಧ ಮಾಳಿಗೆ ಮುಗಿದಿತ್ತು. ಅಂಟಿಸತೊಡಗಿದ ಮೂರನೆಯ ಬೆಳಿಗ್ಗೆ ಒಡತಿ ಏಣಿ ಹತ್ತಿ ಬಂದರು. ಎಪ್ಪತ್ತು ದಾಟಿದ ಮುದುಕಿ, ಕೈಯಲ್ಲಿ ತುಂಬಿದ ಕೊಡ. ಎಲ್ಲರೂ ಅವರನ್ನು ಆಯಿ ಎನ್ನುತ್ತಿದ್ದೆವು. ಪಕ್ಕದ ಅವರ ಮನೆಯದು ಹಳೆಯ ಮಣ್ಣಿನ ಮಾಳಿಗೆ. ಪ್ರತಿವರ್ಷ ಮಿರಗದ ಮುಂಚೆ ಅದಕ್ಕೆ ಹೊಸದಾಗಿ ಸವುಳು ಮಣ್ಣು ಹಾಕಿಸುತ್ತಿದ್ದರು. ಸವುಳೆಂದರೆ ಏನೂ ಬೆಳೆಯದ ಉಪ್ಪು ಮಣ್ಣು. ತೊಯ್ದರೆ ಅಂಟಿಕೊಂಡು ನೀರು ಕೆಳಗೆ ಬಿಡುವುದಿಲ್ಲ. ನನ್ನ ರಬ್ಬರಿನ ಸುದ್ದಿ ಕೇಳಿದ ದಿನದಿಂದ ಅವರದು ಒಂದೇ ಮಾತು, "ಮ್ಯಾಲ ಮಣ್ಣು ಹಾಕ್ರಿ." ನಾನು ಪೊಲೈಟ್ ಆಗಿ ನಕ್ಕುಬಿಡುತ್ತಿದ್ದೆ. ರಬ್ಬರಿನ ಮೇಲೆ ಮಣ್ಣೆಂದರೆ ಹೊಸ ರೇನ್‌ಕೋಟಿನ ಮೇಲೆ ಕಂಬಳಿ ಹೊದ್ದ ಹಾಗೆ ನನಗೆ ಕಾಣುತ್ತಿತ್ತು.

ಆ ದಿನ ಆಯಿ ಮಾಳಿಗೆಯ ಎತ್ತರದ ತುದಿಯಲ್ಲಿ ಕೊಡ ಬಗ್ಗಿಸಿದರು. ನೀರು ಇಳಿಜಾರಿಗೆ ಹರಿದು ಬಂದು ಒಂದು ಜೋಡಣೆಯ ಹತ್ತಿರ ನಿಂತು, ಮೆಲ್ಲಗೆ ಒಳಗೆ ಹೊಕ್ಕಿತು.

"ಜ್ವಾಳದ ದಂಟಿನ ಗುಡಿಸಲಾ ಯಾವ ಕಡಿಂದ ಹೊದಸ್ತಾರ?" ಎಂದು ಕೇಳಿದರು.

ಅಟೆಂಡರ್ ತಕ್ಷಣ, "ಕೆಳಗಿಂದ್ರಿ ಆಯಿ. ಮ್ಯಾಲಿನ ಸಾಲು ಕೆಳಗಿನ ಸಾಲಿನ ಮ್ಯಾಲ ಬರಬೇಕು" ಎಂದಳು. ಹೇಳಿದ ಮೇಲೆ ಅವಳೇ ನಾಲಗೆ ಕಚ್ಚಿಕೊಂಡಳು.

ಏಣಿ ಇದ್ದದ್ದು ಎತ್ತರದ ಕಡೆಗೆ. ನಾವು ಹತ್ತಿದ ಕಡೆಯಿಂದಲೇ ಶುರು ಮಾಡಿದ್ದೆವು. ಪ್ರತಿ ತುಂಡಿನ ಬಾಯಿ ಹರಿಯುವ ನೀರಿನ ಎದುರಿಗೇ ತೆರೆದುಕೊಂಡಿತ್ತು. ನಾನು ಮಾಮಾನ ಮುಖ ನೋಡಿದೆ.

"ಹಂಗ್ಯಾಕ ನೋಡ್ತೀರಿ ಟೀಚರ್" ಎಂದರು. "ಟ್ಯೂಬಿಗೆ ಮ್ಯಾಲ ಕೆಳಗ ಅಂತ ಎಲ್ಲಿರ್ತದ? ಗೋಲ್ ತಿರುಗೂದು ಅದು. ಹವಾ ಒಳಗಿಂದ ಒತ್ತತದ, ಪ್ಯಾಚ್ ಹೊರಗಿಂದ ಹಾಕ್ತೀವಿ. ನೀರು ಮ್ಯಾಲಿಂದ ಬರ್ತದ ಅನ್ನೂದು ನಮ್ಮ ಧಂದೆದಾಗ ಇಲ್ಲ."

ಸಿಟ್ಟು ಬರಬೇಕಿತ್ತು, ನಗೆ ಬಂತು. ಎರಡು ಬೆಳಗಿನ ಕೆಲಸವನ್ನು ಪೆಟ್ರೋಲ್ ಬಟ್ಟೆಯಿಂದ ಬಿಡಿಸಿ, ಮತ್ತೆ ಉಜ್ಜಿ, ತಗ್ಗಿನ ಕಡೆಯಿಂದ ಶುರು ಮಾಡಿದೆವು. ಗೋಡೆಯ ಅಂಚಿಗೆ ಬಂದಲ್ಲಿ ರಬ್ಬರನ್ನು ಅರ್ಧ ಅಡಿ ಮೇಲೆ ಮಡಿಸಿ ಸಿಮೆಂಟಿನಲ್ಲಿ ಹಿಡಿಸಿದೆವು. ನೀರು ಹೊರಗೆ ಬೀಳುವ ತೂತಿಗೆ ಲಾರಿ ಟ್ಯೂಬಿನ ತುಂಡೊಂದನ್ನು ತೋಳಿನ ಹಾಗೆ ತೂರಿಸಿ ಅಂಟಿಸಿದೆವು. ಮುಗಿದ ದಿನ ಆ ತೂತಿಗೆ ಬಟ್ಟೆ ತುರುಕಿ, ಮಾಳಿಗೆ ತುಂಬ ಎರಡಿಂಚು ನೀರು ನಿಲ್ಲಿಸಿದೆವು. ಒಳಗೆ ಮೆಷಿನ್‌ಗಳನ್ನು ಸರಿಸಿ, ನೆಲದ ತುಂಬ ಟೈಪಿಂಗಿನ ಬಿಳಿ ಹಾಳೆ ಹಾಸಿದೆ. ಒಂದು ಹನಿ ಬಿದ್ದರೂ ಗೊತ್ತಾಗಬೇಕು. ಬೆಳಗಿನಿಂದ ಸಂಜೆಯವರೆಗೆ ಹಾಳೆಗಳು ಒಣಗಿಯೇ ಇದ್ದವು. ಮಾಮಾ ಬೀಡಿ ಹಚ್ಚಿ, "ಪಾಸ್" ಎಂದರು.

ನಾನೂ ಹಾಗೆಯೇ ತಿಳಿದಿದ್ದೆ.

ಮಿರಗ ಬಂತು, ಮಳೆ ಬರಲಿಲ್ಲ. ಬಂದದ್ದು ನಾಲ್ಕು ದಿನದ ಉರಿಬಿಸಿಲು. ನಾಲ್ಕನೆಯ ಮಧ್ಯಾಹ್ನ ಅಟೆಂಡರ್ ಊಟದ ಬಿಡುವಿಗೆ ಬಂದವಳು ಮೆಷಿನ್ನಿಗೆ ಕೂರುವ ಮೊದಲು ಏಣಿ ಹತ್ತಿ ನೋಡಿದಳು. ಅಲ್ಲಿಂದಲೇ, "ಅಕ್ಕೋರ, ಮಾಳಿಗಿ ಮ್ಯಾಲ ಪೂರಿ ಕರದಾರ, ಬರ್ರಿ" ಎಂದು ಕರೆದಳು.

ಹೌದು, ಪೂರಿಯೇ. ರಬ್ಬರಿನ ಕೆಳಗೆ ಸಿಕ್ಕಿಕೊಂಡ ಗಾಳಿ ಕಾದು ಅಲ್ಲಲ್ಲಿ ದುಂಡಗೆ ಉಬ್ಬಿಸಿತ್ತು. ಆ ಎಳೆತಕ್ಕೆ, ಮೆತ್ತಗಾದ ಸಲ್ಯೂಷನ್ ಸೋತು, ಏಳೆಂಟು ಕಡೆ ಜೋಡಣೆ ಬೆರಳು ತೂರುವಷ್ಟು ಬಿಟ್ಟಿತ್ತು. ಮಾಮಾ ಬಂದು ನೋಡಿ, "ಮೊಳಿ ಹೊಡದ ಬಿಡೂಣು" ಎಂದರು. ಮೂವತ್ತು ವರ್ಷ ಮೊಳೆಯ ತೂತು ಮುಚ್ಚಿ ಬದುಕಿದ ಮನುಷ್ಯ ಹೀಗೆ ಹೇಳಬೇಕಾದರೆ ಅವರಿಗೂ ದಾರಿ ಕಾಣದಾಗಿತ್ತು ಎಂದೇ ಅರ್ಥ. ನೈರುತ್ಯದ ಕಡೆ ಮೋಡ ಕಪ್ಪಗಾಗುತ್ತಿತ್ತು. ಅಟೆಂಡರ್ ಕೆಳಗಿಳಿದು, ಇನ್ನುಳಿದ ಹತ್ತು ನಿಮಿಷಕ್ಕೆ ಮೆಷಿನ್ನಿನ ಮುಂದೆ ಕೂತಳು.

ಸಂಜೆ ಕ್ಲಾಸ್ ಬಿಡುವಾಗ ನಾನು ದಿನವೂ ಹೇಳುವ ಮಾತು ಒಂದಿತ್ತು, "ಗರ್ಲ್ಸ್, ಕವರ್ ಹಾಕದೆ ಏಳಬಾರದು." ಆ ದಿನವೂ ಹೇಳಿದೆ. ಹೇಳುತ್ತಾ ಮೇಜಿನ ಮೇಲಿದ್ದ ಆ ಕೆಟ್ಟ ರೋಲರ್ ಕೈಗೆತ್ತಿಕೊಂಡೆ. ಅದು ಕೆಟ್ಟದ್ದು ಹೇಗೆ? ಹಿಂದಿನ ವರ್ಷ ಒಂದು ಮೆಷಿನ್ ಕವರಿಲ್ಲದೆ ಕಿಟಕಿಯ ಪಕ್ಕದಲ್ಲಿ ಬೇಸಿಗೆ ಕಳೆದಿತ್ತು. ಮೆತ್ತಗಿದ್ದ ರಬ್ಬರ್ ಕಲ್ಲಾಗಿ, ಸಣ್ಣಗೆ ಸೀಳುಬಿಟ್ಟಿತ್ತು. ರಬ್ಬರಿಗೆ ನೀರು ಶತ್ರುವಲ್ಲ, ಬಿಸಿಲು ಶತ್ರು. ಇದನ್ನು ಹುಡುಗಿಯರಿಗೆ ದಿನಾ ಪಾಠ ಹೇಳುವವಳು ಮಾಳಿಗೆಯ ಮೇಲೆ ಇನ್ನೂರು ಚದರಡಿ ರಬ್ಬರನ್ನು ಕವರಿಲ್ಲದೆ ಬಿಟ್ಟುಬಂದಿದ್ದೆ.

ಆಯಿಯ ಅಂಗಳದಲ್ಲಿ ಆ ವರ್ಷದ ಸವುಳು ಮಣ್ಣು ಗುಡ್ಡೆಯಾಗಿ ಬಿದ್ದಿತ್ತು. ಅವರು ಹೊಸ್ತಿಲಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು.

"ಆಯಿ, ಮಣ್ಣು ಹಾಕಬೇಕಿತ್ತು" ಎಂದೆ.

"ಯಾವುದಕ್ಕ?" ಗೊತ್ತಿದ್ದೂ ಕೇಳಿದರು.

"ನನ್ನ ರಬ್ಬರಿಗೆ."

"ಇಂಗ್ಲಿಷ್ನಾಗ ಹೇಳ್ರಿ, ಕೇಳೂಣು."

"ಪ್ಲೀಸ್, ಆಯಿ" ಎಂದೆ. ಅವರಿಗೆ ಅಷ್ಟೇ ಬೇಕಿತ್ತು.

ಮರುದಿನ ನಸುಕಿಗೇ ಎಲ್ಲರೂ ಮಾಳಿಗೆಯ ಮೇಲಿದ್ದೆವು. ತಂಪು ಹೊತ್ತಿನಲ್ಲಿ ಉಬ್ಬುಗಳು ತಾವೇ ಇಳಿದಿದ್ದವು. ಮಾಮಾ ಬಿಟ್ಟ ಜೋಡಣೆಗಳನ್ನು ಮತ್ತೆ ಉಜ್ಜಿ ಅಂಟಿಸಿದರು. ಮಣ್ಣಿನಲ್ಲಿರುವ ಹರಳು ರಬ್ಬರಿಗೆ ಚುಚ್ಚಬಾರದೆಂದು ಜರಡಿ ಹಿಡಿದೆವು, ಅದರ ಮೇಲೂ ನಂಬದೆ ಹಳೆಯ ಗೋಣಿಚೀಲ ಬಿಚ್ಚಿ ರಬ್ಬರಿನ ಮೇಲೆ ಮೊದಲು ಹಾಸಿದೆವು. ಎಂಟು ಹುಡುಗಿಯರು ಸಾಲಾಗಿ ನಿಂತು ಬುಟ್ಟಿ ದಾಟಿಸಿದರು. ಮೂರಿಂಚು ಮಣ್ಣು. ಭಾರಕ್ಕೆ ರಬ್ಬರ್ ಏಳದು, ನೆರಳಿಗೆ ಕಾಯದು. ಮೇಲೆ ನೀರು ಚಿಮುಕಿಸಿ, ತಗ್ಗಿನ ಕಡೆಗೆ ಇಳಿಜಾರು ಬರುವಂತೆ ಕಾಲಿನಿಂದ ತುಳಿಯುವುದನ್ನು ಆಯಿ ತಾವೇ ಮುಂದೆ ನಿಂತು ತೋರಿಸಿದರು. ಅವರ ಹೆಜ್ಜೆ ಸಣ್ಣದು, ಒಂದರ ಪಕ್ಕ ಒಂದು, ತಪ್ಪಿಲ್ಲದ ಸಾಲು. ನಮ್ಮ ಹುಡುಗಿಯರ ಟೈಪಿಂಗ್ ಅಷ್ಟು ಈವನ್ ಆಗಿದ್ದರೆ ಎಂದುಕೊಂಡೆ.

"ಪಂಕ್ಚರ್ ಅಂಗಡಿ ಮ್ಯಾಲ ಮಣ್ಣು ಹಾಕಿದ್ರು ನೋಡ್ರಿ" ಎಂದರು ಮಾಮಾ, ಹಣೆ ಒರೆಸಿಕೊಳ್ಳುತ್ತಾ.

"ನಿನ್ನ ಟ್ಯೂಬಿಗೆ ಕೌದಿ ಹೊಚ್ಚೀವಿ, ಸುಮ್ನ ಮಲಗಲಿ" ಎಂದರು ಆಯಿ.

ಎರಡು ದಿನ ಬಿಟ್ಟು ಮಳೆ ಬಂತು. ಕ್ಲಾಸ್ ನಡೆಯುವ ಹೊತ್ತು. ಮೊದಲು ಗಾಳಿ, ಆಮೇಲೆ ದಪ್ಪ ಹನಿ, ಆಮೇಲೆ ಹನಿಯೆಂದು ಎಣಿಸಲಾಗದ ಮಳೆ. ಎಂಟೂ ಮೆಷಿನ್‌ಗಳ ಸದ್ದು ಒಮ್ಮೆಲೇ ನಿಧಾನವಾಯಿತು. "ಐಸ್ ಆನ್ ದ ಕಾಪಿ! ಕಣ್ಣು ಹಾಳೆಯ ಮೇಲೆ!" ಎಂದೆ, ಗಟ್ಟಿಯಾಗಿ. ಸದ್ದು ಮತ್ತೆ ಏರಿತು. ಸ್ವಲ್ಪ ಹೊತ್ತಾದ ಮೇಲೆ ಅಟೆಂಡರ್ ಹಾಳೆಯಿಂದ ಕಣ್ಣೆತ್ತದೆಯೇ, "ಅಕ್ಕೋರ, ಎಲ್ಲಾರೂ ಕೆಳಗ ನೋಡಾಕತ್ತೀವಿ, ನೀವೊಬ್ರಽ ಮ್ಯಾಲ ನೋಡಾಕತ್ತೀರಿ" ಎಂದಳು.

ಒಂದು ಹನಿಯೂ ಬೀಳಲಿಲ್ಲ. ಆ ಮಳೆಗಾಲದುದ್ದಕ್ಕೂ ಬೀಳಲಿಲ್ಲ.

ಜುಲೈ ಕೊನೆಗೆ ಟೆಂಪೊದಲ್ಲಿ ಹುಲ್ಲು ಹಾಸಿ, ಉಳಿದಿದ್ದ ರಬ್ಬರ್ ತುಂಡುಗಳನ್ನು ಹೊದಿಸಿ ಎಂಟು ಮೆಷಿನ್‌ಗಳನ್ನು ಲಿಂಗಸುಗೂರಿಗೆ ಒಯ್ದೆವು. ದಾರಿಯಲ್ಲಿ ಜಿಟಿಜಿಟಿ ಮಳೆ. ಮೆಷಿನ್‌ಗಳು ಒಣಗಿದ್ದವು, ನಾವು ತೊಯ್ದಿದ್ದೆವು. ಪರೀಕ್ಷೆಯ ಹಾಲ್ ಹೆಂಚಿನದು. ಸ್ಪೀಡ್ ಪೇಪರ್ ಶುರುವಾಗಿ ಎರಡು ನಿಮಿಷವಾಗಿರಬೇಕು. ಬಾಗಿಲಾಚೆ ನಿಂತಿದ್ದ ನನಗೆ ಕಂಡಿತು. ನಮ್ಮ ಅಟೆಂಡರ್ ತಲೆಯ ಮೇಲಿನ ಹೆಂಚಿನ ಸಂದಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಅವಳ ಮೆಷಿನ್ನಿನ ಕಡೆಗೆ.

ಒಳಗೆ ಹೋಗುವಂತಿರಲಿಲ್ಲ, ಕೂಗುವಂತಿರಲಿಲ್ಲ. ಇಷ್ಟೆಲ್ಲ ಮಾಡಿ, ಬೇರೆ ಯಾರದೋ ಮಾಳಿಗೆಯ ಕೆಳಗೆ ಹೀಗಾಗಬೇಕೇ ಎಂದು ನಿಂತೇ ಇದ್ದೆ. ಅವಳು ನಿಲ್ಲಿಸಲಿಲ್ಲ. ತಲೆ ಎತ್ತಲಿಲ್ಲ. ಕೂತಲ್ಲಿಂದಲೇ ಒಂದು ಗೇಣು ಮುಂದಕ್ಕೆ ಬಾಗಿ, ಮೆಷಿನ್ನಿನ ಮೇಲೆ ತನ್ನ ಬೆನ್ನನ್ನೇ ಮಾಳಿಗೆ ಮಾಡಿದಳು. ಹನಿ ಬೆನ್ನಿಗೆ ಬೀಳುತ್ತಿತ್ತು, ಬೆರಳು ಓಡುತ್ತಿದ್ದವು. ಬೆಲ್ ಆಗುವವರೆಗೂ ಹಾಗೆಯೇ.

ಹೊರಗೆ ಬಂದವಳ ರವಿಕೆ ಹಿಂಡುವಂತಿತ್ತು. "ಕಷ್ಟ ಆಯಿತೇ?" ಎಂದೆ.

"ಇಲ್ರಿ" ಎಂದಳು. "ಮೇ ತಿಂಗಳಾಗ ಡಾಂಬರ್ ಬೀಳೂವಾಗ ಹೊಡೆದಾಕಿ ನಾನು. ಇದು ಬರೇ ನೀರು."

ದಸರೆಗೆ ಮೂರು ದಿನ ಮೊದಲು ರಿಸಲ್ಟ್ ಬಂತು. ಹಬ್ಬ ಕಳೆದ ಸೋಮವಾರ ಅವಳು ಕುರ್ಚಿಯನ್ನು ಒಮ್ಮೆ ಒರೆಸಿ, ಅದರಲ್ಲೇ ಕೂತಳಂತೆ.

ಗ್ಯಾರೇಜ್ ಬಿಟ್ಟದ್ದು ತೊಂಬತ್ತರ ದಶಕದ ಕೊನೆಗೆ. ಕಂಪ್ಯೂಟರ್ ಬಂದು ನನ್ನ ಮೆಷಿನ್‌ಗಳು ಒಂದೊಂದಾಗಿ ಮೂಲೆ ಸೇರಿದ್ದವು. ಆಯಿ ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಮನೆಯವರು ಗ್ಯಾರೇಜಿನ ಮೇಲೆ ಇನ್ನೊಂದು ಅಂತಸ್ತು ಏರಿಸುವವರಿದ್ದರು, ಮಾಳಿಗೆ ಬಿಚ್ಚುವ ದಿನ ನನಗೂ ಹೇಳಿ ಕಳಿಸಿದರು. ಅಟೆಂಡರ್, ಅಲ್ಲ, ಟೈಪಿಸ್ಟ್ ಊಟದ ಬಿಡುವಿನಲ್ಲಿ ಬಂದಳು. ಮಾಮಾ ಕೋಲೂರಿಕೊಂಡು ಬಂದರು. ಆಳುಗಳು ಮಣ್ಣು ಸರಿಸಿದರು. ಗೋಣಿ ಎಂದೋ ಮಣ್ಣಿನಲ್ಲಿ ಮಣ್ಣಾಗಿತ್ತು. ಗೋಡೆಯ ಅಂಚಿನಲ್ಲಿ ಬಿಸಿಲಿಗೆ ತೆರೆದಿದ್ದ ರಬ್ಬರ್ ನನ್ನ ಆ ಹಳೆಯ ರೋಲರಿನ ಹಾಗೆಯೇ ಸೀಳಿತ್ತು. ಮಣ್ಣಿನ ಕೆಳಗಿನದು ಮಾತ್ರ ಕಪ್ಪಗೆ, ಮೆತ್ತಗೆ, ನಾವು ಹಾಸಿದ ಬೆಳಗಿನ ಹಾಗೆಯೇ ಇತ್ತು.

ಮಾಮಾ ಬಗ್ಗಿ, ಒಂದು ಜೋಡಣೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಬಿಡಲಿಲ್ಲ. ಇನ್ನೊಮ್ಮೆ ಒತ್ತಿದರು.

"ಹವಾ ತುಂಬಿದ್ರ" ಎಂದರು, "ಸಿಂಧನೂರತನಕ ಓಡ್ತದ ಇದು."